ಕೋಸಂಬಿಯವರ ಇತಿಹಾಸದೃಷ್ಟಿಯಲ್ಲಿ ದುಡಿಮೆ: ಕನ್ನಡ ನೆಲದ ಸಾಕ್ಷ್ಯದೊಡನೆ ಒಂದು ಪರಿಶೀಲನೆ

ಪುಣೆಯ ಕೋಥರೂಡಕ್ಕೆ ಒತ್ತಿಕೊಂಡಂತೆ ಮ್ಹಾತೋಬಾ ಟೇಕಡಿ, ಅದರಾಚೆ ವೇತಾಳ ಟೇಕಡಿ ಎದ್ದುನಿಂತಿವೆ. ಗುಡ್ಡಗಳ ಬುಡದವರೆಗೂ ಇಂದು ಮನೆಗಳು ಹಬ್ಬಿವೆ. ಮುಂಜಾನೆ ಗಾಳಿಸೇವನೆಗೆ ಏರಿಬರುವವರ ಕಣ್ಣಿಗೆ ಅಲ್ಲಿ ಬೀಳುವುದು ಕರಿಗಲ್ಲು, ಒಣಹುಲ್ಲು, ಪಾಳುಬಿದ್ದ ಕಲ್ಲುಗಣಿಯ ಹೊಂಡ, ಇಷ್ಟೆ. ಇದೇ ಗುಡ್ಡಸಾಲಿನ ಮೂಡಣ ಮಗ್ಗುಲಲ್ಲಿ, ಭಾಂಡಾರಕರ ಪ್ರಾಚ್ಯವಿದ್ಯಾ ಸಂಶೋಧನ ಮಂದಿರದ ಆಸುಪಾಸಿನಲ್ಲಿ, ಗಣಿತಜ್ಞ ದಾಮೋದರ ಧರ್ಮಾನಂದ ಕೋಸಂಬಿಯವರು (1907–1966) ನೆಲೆಸಿದ್ದರು. ಪುಣೆಯ ಸುತ್ತಣ ಗುಡ್ಡಗಳನ್ನು ಕಾಲ್ನಡೆಯಲ್ಲಿ ಅಲೆದು, ಉಗುರಿನಷ್ಟು ಸಣ್ಣ ಕಲ್ಲಿನ ಅಲಗುಗಳನ್ನು ಅವರು ರಾಶಿರಾಶಿಯಾಗಿ ಆಯ್ದು ತಂದರು. ಅವು ಯಾವ ಕಾಲದವೆಂದು ಕೇಳಿ ಅವರು ಸುಮ್ಮನಾಗಲಿಲ್ಲ. ಅವುಗಳಿಂದ ಯಾರು, ಏನನ್ನು ಕೊಯ್ದರು, ಸುಲಿದರು, ಹೆರೆದರು ಎಂದು ಕೇಳಿದರು.

ಇಂತಹ ವಸ್ತುಗಳನ್ನು ಕನ್ನಡದಲ್ಲಿ ‘ಶಿಲಾಯುಧ’ ಎಂದು ಕರೆಯುವುದು ವಾಡಿಕೆ. ಆಯುಧವೆಂದೊಡನೆ ಓದುಬಲ್ಲವರ ಮನಸ್ಸು ಕಾಳಗದ ಕಡೆಗೆ ಹೊರಳುತ್ತದೆ. ಆಯುಧಪೂಜೆಯ ದಿನ ಬಾಚಿ, ಉಳಿ, ತಕ್ಕಡಿ, ಕುಡುಗೋಲುಗಳಿಗೆ ಕುಂಕುಮವಿಡುವ ಜನಕ್ಕಾದರೋ ಆ ಮಾತಿನ ಅರ್ಥವು ತಿಳಿದೇ ಇದೆ. ವಿದ್ವಾಂಸರ ಕೈಯಲ್ಲಿ ಕಿರಿದಾದ ಶಬ್ದವು ಜನರ ಬಾಳುವೆಯಲ್ಲಿ ಹಿರಿದಾಗಿಯೇ ಉಳಿದುಬಂದಿದೆ.

ಕೋಸಂಬಿಯವರ ಪ್ರಸ್ಥಾನಗ್ರಂಥವೆನ್ನಬಹುದಾದ ಭಾರತೇತಿಹಾಸ ಪ್ರವೇಶಿಕೆಯು 1956ರಲ್ಲಿಯೂ, ಪುರಾಣಕಥೆ ಮತ್ತು ವಾಸ್ತವಗಳನ್ನು ಕುರಿತ ಪ್ರಬಂಧಸಂಕಲನವು 1962ರಲ್ಲಿಯೂ ಪ್ರಕಟವಾದುವು. ರಾಜರ ಹೆಸರುಗಳಿಗಿಂತ ಉತ್ಪಾದನೆಯ ಸಾಧನಗಳು, ಅವುಗಳ ಸುತ್ತ ಬೆಳೆಯುವ ಮಾನವಸಂಬಂಧಗಳು ಇವೇ ಇತಿಹಾಸದ ಬೆನ್ನೆಲುಬು ಎಂಬುದು ಅವರ ನಿಲುವು. ಪ್ರಾಚೀನ ನಾಣ್ಯಗಳ ಅಧ್ಯಯನದಲ್ಲಿಯೂ ಇದೇ ಮನೋಧರ್ಮ ಕಾಣುತ್ತದೆ. ನಾಣ್ಯದ ಮೇಲಣ ಮುದ್ರೆಗಳ ಜೊತೆಗೆ ಅದರ ತೂಕವನ್ನೂ ಅವರು ಲೆಕ್ಕಕ್ಕೆ ತೆಗೆದುಕೊಂಡರು. ಕೈಯಿಂದ ಕೈಗೆ ಸಾಗಿದಂತೆಲ್ಲ ನಾಣ್ಯ ಸವೆಯುತ್ತದೆ. ಆ ಸವೆತವೇ ಚಲಾವಣೆಯ ದಾಖಲೆ. ಹೆಸರಿಲ್ಲದ ಸಾವಿರಾರು ಕೈಗಳು ಬರೆದ ಲೆಕ್ಕಪುಸ್ತಕವನ್ನು ಹೀಗೆ ಓದಿದ ವಿದ್ವಾಂಸರು ಅವರಿಗೆ ಮುನ್ನ ವಿರಳ.

ಜೀವಂತ ಆಚರಣೆಯನ್ನು ಪ್ರಾಚೀನ ಸಾಕ್ಷ್ಯದ ಪಕ್ಕದಲ್ಲಿಟ್ಟು ನೋಡುವುದು ಅವರ ಇನ್ನೊಂದು ಕ್ರಮ. ಕುಂಬಾರರಲ್ಲಿ ವೇಗವಾಗಿ ತಿರುಗುವ ತಿಗುರಿ ಗಂಡಸಿನದು, ಕೈಯಿಂದ ಮೆಲ್ಲಗೆ ತಿರುಗಿಸುವ ಬಿಲ್ಲೆ ಹೆಂಗಸಿನದು ಎಂಬುದನ್ನು ಗಮನಿಸಿ, ಮಡಕೆಯ ಕೆಲಸ ಮೊದಲು ಹೆಣ್ಣಿನ ಕೈಯಲ್ಲಿದ್ದಿತೆಂದು ಅವರು ಊಹಿಸಿದರು. ಊಹೆ ಸೊಗಸಾದುದೇ. ಆದರೆ ಈ ಕ್ರಮದಲ್ಲಿ ಒಂದು ತೊಡಕುಂಟು. ಇಂದಿನ ಕುಂಬಾರನನ್ನೋ ಧನಗರನನ್ನೋ ಪ್ರಾಗಿತಿಹಾಸದ ಉಳಿಕೆಯೆಂದು ಎಣಿಸಿದೊಡನೆ ನಡುವಣ ಎರಡು ಮೂರು ಸಾವಿರ ವರ್ಷಗಳು ಅವನ ಪಾಲಿಗೆ ಇಲ್ಲವಾಗುತ್ತವೆ. ಬರಗಾಲ, ತೆರಿಗೆ, ಸಂತೆಯ ಬೆಲೆ, ಹುಲ್ಲುಗಾವಲನ್ನು ಕಸಿದ ಕಾನೂನು ಇವೆಲ್ಲ ಅವನನ್ನೂ ರೂಪಿಸಿವೆ. ದುಡಿಯುವವನಿಗೆ ಇತಿಹಾಸವನ್ನು ದೊರಕಿಸಲು ಹೊರಟ ಮಾರ್ಗವೇ ಅವನನ್ನು ಇತಿಹಾಸದ ಹೊರಗೆ ನಿಲ್ಲಿಸುವುದು ವಿಪರ್ಯಾಸವೆಂದು ಹೇಳದೆ ವಿಧಿಯಿಲ್ಲ.

ಇದಕ್ಕಿಂತಲೂ ಮಹತ್ತ್ವದ ಆಕ್ಷೇಪವು ಕನ್ನಡ ನಾಡಿನ ನೆಲದಿಂದಲೇ ಏಳುತ್ತದೆ. ದಖ್ಖನಿನ ನೆಲೆಯಾದ ಬೇಸಾಯವೂ ಅದಕ್ಕೆ ಬೇಕಾದ ದುಡಿಮೆಯ ಏರ್ಪಾಡೂ ಬಹುಮಟ್ಟಿಗೆ ಉತ್ತರದ ಪ್ರೇರಣೆಯಿಂದ, ಕಬ್ಬಿಣದೊಡನೆ, ಮೌರ್ಯರ ಕಾಲದಿಂದೀಚೆಗೆ ಬೆಳೆದುವೆಂಬ ಕಡೆಗೆ ಕೋಸಂಬಿಯವರ ಒಲವು. ಬಳ್ಳಾರಿಗೆ ಸಮೀಪದ ಸಂಗನಕಲ್ಲಿನ ಬೆಟ್ಟಗಳು ಬೇರೆಯದೇ ಕಥೆಯನ್ನು ಹೇಳುತ್ತವೆ. ಅಲ್ಲಿಯ ಸಂಶೋಧನೆಗೂ ಪುಣೆಗೂ ಹಳೆಯ ನಂಟು: ಬಳ್ಳಾರಿಯ ಶಿಲಾಯುಗ ಸಂಸ್ಕೃತಿಗಳನ್ನು ಕುರಿತ ಬಿ. ಸುಬ್ಬರಾವ್ ಅವರ ಗ್ರಂಥವನ್ನು ಡೆಕ್ಕನ್ ಕಾಲೇಜು 1948ರಲ್ಲಿ ಹೊರತಂದಿತು. ತರುವಾಯ ಧಾರವಾಡದ ರವಿ ಕೋರಿಶೆಟ್ಟರ್, ನಿಕೋಲ್ ಬೋವಿನ್, ಡೋರಿಯನ್ ಫುಲ್ಲರ್ ಮೊದಲಾದವರು ನಡೆಸಿದ ಶೋಧನೆಗಳಿಂದ ಅಲ್ಲಿಯ ಹಿರೇಗುಡ್ಡದ ಸ್ವರೂಪ ಇನ್ನಷ್ಟು ತಿಳಿಯಾಯಿತು. ಗುಡ್ಡದ ಮೈಯಲ್ಲಿ ಹಾಯ್ದ ಕಪ್ಪು ಡಾಲರೈಟ್ ಶಿಲೆಯ ಪಟ್ಟೆಯನ್ನು ಒಡೆದು, ಕೊಡಲಿಯ ಆಕಾರಕ್ಕೆ ಚಕ್ಕೆಯೆಬ್ಬಿಸಿ, ಬಂಡೆಯ ಮೇಲೆ ಉಜ್ಜಿ ನುಣುಪುಗೊಳಿಸುತ್ತಿದ್ದರು. ಒಡೆದ ಚಕ್ಕೆಗಳ ರಾಶಿ ಇಂದಿಗೂ ಅಲ್ಲಿದೆ. ಉಜ್ಜಿದ ತಗ್ಗುಗಳೂ ಬಂಡೆಯ ಮೇಲಿವೆ. ಕ್ರಿ. ಪೂ. ಎರಡನೆಯ ಸಹಸ್ರಮಾನದ ಉತ್ತರಾರ್ಧದಲ್ಲಿ ಈ ಕೆಲಸ ಒಂದೂರಿನ ಅಗತ್ಯವನ್ನು ಮೀರಿ ಬೆಳೆದಿತ್ತು. ಕಲ್ಲನ್ನು ಆಯುವವನ ಕಣ್ಣು, ಚಕ್ಕೆಯೆಬ್ಬಿಸುವವನ ಮಣಿಕಟ್ಟು, ದಿನಗಟ್ಟಲೆ ಉಜ್ಜುವವರ ತಾಳ್ಮೆ ಒಂದೇ ಬಗೆಯ ದುಡಿಮೆಯಲ್ಲ. ಅರಸನಾಗಲಿ ಕರಣಿಕನಾಗಲಿ ಇಲ್ಲದೆಯೇ ಈ ಹೊಂದಾಣಿಕೆ ನಡೆದಿದೆ.

ಅವರ ಊಟದ ಸಾಕ್ಷ್ಯವೂ ಅದೇ ಮಾತನ್ನು ಹೇಳುತ್ತದೆ. ಸುಟ್ಟು ಕರಿಯಾಗಿ ಉಳಿದ ಹುರುಳಿ, ಹೆಸರು, ಸಣ್ಣ ಕಿರುಧಾನ್ಯಗಳ ಕಾಳುಗಳು ದಕ್ಷಿಣದಲ್ಲಿಯೇ ಬೇಸಾಯಕ್ಕೆ ಬಂದ ಬೆಳೆಗಳ ಕಡೆಗೆ ಬೆರಳು ತೋರಿಸುತ್ತವೆ. ಕಬ್ಬಿಣದ ಗುಳ ಇನ್ನೂ ಹುಟ್ಟಿರಲಿಲ್ಲ. ರಾಯಚೂರು, ಸುರಪುರಗಳ ಕಡೆಯ ಬೂದಿದಿಬ್ಬಗಳನ್ನೂ ಇಲ್ಲಿಯೇ ನೆನೆಯಬೇಕು. ಉತ್ನೂರಿನಲ್ಲಿ 1957ರಲ್ಲಿ ಅಗೆದ ಆಲ್ಚಿನ್ ಅವರು ಅವು ದನದ ದೊಡ್ಡಿಗಳಲ್ಲಿ ಕೂಡಿದ ಸಗಣಿಯನ್ನು ಸುಟ್ಟುದರಿಂದ ಆದುವೆಂದು ಸ್ಥಾಪಿಸಿದರು; ದನಗಳ ಗೊರಸಿನ ಗುರುತೂ ಅಲ್ಲಿ ದೊರೆಯಿತು. ಬೂದಿಹಾಳದಲ್ಲಿ ಡೆಕ್ಕನ್ ಕಾಲೇಜಿನ ಪದ್ದಯ್ಯನವರು ದಿಬ್ಬದ ಪಕ್ಕದಲ್ಲಿಯೇ ವಾಸದ ನೆಲೆಯನ್ನೂ ದನವನ್ನು ಕೊಯ್ಯುವ ನೆಲಗಟ್ಟನ್ನೂ ಬಯಲಿಗೆ ತಂದರು. ಈ ಅಗೆತಗಳಲ್ಲಿ ಹಲವು ಕೋಸಂಬಿಯವರು ತೀರಿಕೊಂಡ ಮೇಲಿನವು. ಆದಕಾರಣ ದೋಷವು ವ್ಯಕ್ತಿಯದಲ್ಲ. ಆದರೆ ಅವರ ಚೌಕಟ್ಟನ್ನು ಇಂದಿಗೂ ಹಾಗೆಯೇ ಎತ್ತಿಕೊಂಡು ದಕ್ಷಿಣಕ್ಕೆ ಹೊದಿಸುವವರಿಗೆ ಈ ವಿನಾಯಿತಿ ಸಲ್ಲದು.

ಅವರ ಮಾತು ಗಟ್ಟಿಯಾಗಿ ನಿಲ್ಲುವ ಎಡೆಯೂ ಇದೇ ರಾಯಚೂರು ಸೀಮೆಯಲ್ಲಿದೆ. ಮೌರ್ಯರು ದಕ್ಷಿಣಕ್ಕೆ ಬಂದುದು ಲೋಹಕ್ಕಾಗಿ ಎಂದು ಅವರು ವಾದಿಸಿದರು. ಮಸ್ಕಿಯ ಅಶೋಕಶಾಸನವನ್ನು 1915ರಲ್ಲಿ ಕಂಡವನು ಬೀಡನ್ ಎಂಬ ಚಿನ್ನದ ಗಣಿಯ ಇಂಜಿನಿಯರು! ಧರ್ಮದ ಬರಹವೂ ಚಿನ್ನದ ಹಾಸೂ ಅಷ್ಟು ಹತ್ತಿರದಲ್ಲಿವೆ. ಹಟ್ಟಿಯ ಪ್ರಾಚೀನ ಗಣಿಕೆಲಸ 640 ಅಡಿಯ ಆಳಕ್ಕೆ ಇಳಿದಿತ್ತು. ಆಳದಲ್ಲಿ ಸಿಕ್ಕ ಮರದ ತುಂಡುಗಳ ವಯಸ್ಸು ಸುಮಾರು 2,000 ವರ್ಷ. ಬೆಂಕಿಯಿಂದ ಕಲ್ಲನ್ನು ಕಾಯಿಸಿ, ನೀರೆರೆದು ಬಿರಿಸಿ, ಅದಿರನ್ನು ಮೇಲೆತ್ತಿ, ಬಂಡೆಯ ಕುಳಿಗಳಲ್ಲಿ ಕುಟ್ಟಿ, ತೊಳೆದು ಚಿನ್ನ ತೆಗೆದರು. ಹೊಗೆ ತುಂಬಿದ ಆ ಕತ್ತಲೆಗೆ ಇಳಿದವರು ಕೂಲಿಗೆ ಬಂದವರೋ ಕಟ್ಟುಬಿದ್ದು ಬಂದವರೋ, ಯಾವ ಶಾಸನವೂ ಹೇಳುವುದಿಲ್ಲ.

ಈಜಿಪ್ತಿನಲ್ಲಿ ಹಾಗಲ್ಲ. ಅರಸರ ಗೋರಿಗಳನ್ನು ಕೊರೆದ ದೇರ್ ಎಲ್‌-ಮದೀನದ ಕೆಲಸಗಾರರು ಮೂರನೆಯ ರಾಮ್ಸೆಸನ ಆಳಿಕೆಯ 29ನೆಯ ವರ್ಷದಲ್ಲಿ, ಪಡಿ ಬರಲು ತಡವಾಯಿತೆಂದು ಕೆಲಸ ಬಿಟ್ಟು ಕುಳಿತ ವರದಿ ಪಪೈರಸ್ಸಿನ ಮೇಲೆ ಉಳಿದಿದೆ. 2013ರಲ್ಲಿ ಕೆಂಪು ಸಮುದ್ರದ ದಡದಲ್ಲಿ ಸಿಕ್ಕ ಹಾಳೆಗಳಲ್ಲಿ ಖುಫುವಿನ ಪಿರಮಿಡ್ಡಿಗೆ ಸುಣ್ಣಗಲ್ಲು ಸಾಗಿಸಿದ ಮೇರೆರ್ ಎಂಬ ಮೇಸ್ತ್ರಿಯ ದಿನಚರಿಯಿದೆ. ಅಂತಹ ಕಾಗದ ನಮ್ಮ ಕಡೆ ಇಲ್ಲ. ಇರುವುದು ಕಲ್ಲಿನ ಮೇಲಣ ಒಂದೆರಡು ಸಾಲು.

ಅಂತಹ ಸಾಲುಗಳು ಪುಣೆಗೆ ಸಮೀಪದ ಕಾರ್ಲೆಯಲ್ಲಿವೆ. ಆ ಚೈತ್ಯವನ್ನು ಪೂರ್ಣಗೊಳಿಸಿದವನು ವೈಜಯಂತಿಯ ಶ್ರೇಷ್ಠಿ ಭೂತಪಾಲನೆಂದು ಶಾಸನವಿದೆ. ವೈಜಯಂತಿಯೆಂದರೆ ಬನವಾಸಿಯೆಂದು ವಿದ್ವಾಂಸರ ಸಾಮಾನ್ಯ ಅಭಿಪ್ರಾಯ. ಕನ್ನಡಿಗರು ಇದನ್ನು ಹೆಮ್ಮೆಯಿಂದ ಉದ್ಧರಿಸುವುದುಂಟು. ಕೋಸಂಬಿಯವರೂ ಕಾರ್ಲೆಯನ್ನು ವರ್ತಕಮಾರ್ಗ, ವಿಹಾರ, ಹಳೆಯ ಮಾತೃದೇವತೆಯ ನೆಲೆ ಇವು ಕೂಡುವ ಎಡೆಯೆಂದು ಬಹಳ ಚೆನ್ನಾಗಿ ವಿವರಿಸಿದರು. ಆದರೆ ಬಾಗಿಲಿನ ಬಳಿಯ ಎರಡು ಲೇಖಗಳನ್ನು ಒಟ್ಟಿಗೆ ಓದಬೇಕು. ಒಂದರಲ್ಲಿ ಧೇನುಕಾಕಟದ ಗಂಧದ ವ್ಯಾಪಾರಿ ಸಿಂಹದತ್ತನು ಬಾಗಿಲನ್ನು ದಾನ ಮಾಡಿದನೆಂದಿದೆ. ಇನ್ನೊಂದರಲ್ಲಿ ಅದೇ ಊರಿನ ಬಡಗಿ, ವೇಣುವಾಸನ ಮಗ ಸಾಮಿ, ಬಾಗಿಲನ್ನು ಮಾಡಿದನೆಂದಿದೆ. ಕೊಟ್ಟವನು ಬೇರೆ, ಮಾಡಿದವನು ಬೇರೆ ಎಂಬ ಅರಿವು ಆ ಕಾಲಕ್ಕೇ ಇತ್ತು. ಕಲ್ಲಿನ ಬಾಗಿಲನ್ನು ಮಾಡಿದವನು ಬಡಗಿಯೇ ಆದುದರಲ್ಲಿ ಆಶ್ಚರ್ಯವಿಲ್ಲ; ಮರದ ಕಟ್ಟಡದ ರೂಪವನ್ನೇ ಅಲ್ಲಿ ಬಂಡೆಗೆ ಇಳಿಸಿದ್ದಾರೆ, ಚಾವಣಿಗೆ ಜೋಡಿಸಿದ ಮರದ ತೊಲೆಗಳು ಇಂದಿಗೂ ಇವೆ.

ಚಿತ್ರದುರ್ಗ ಸೀಮೆಯ ಬ್ರಹ್ಮಗಿರಿಯ ಅಶೋಕಶಾಸನದ ಕೊನೆಯಲ್ಲಿಯೂ ಇಂತಹ ಒಂದು ಹೆಸರಿದೆ. ಬರೆದವನು ಚಪಡ; ತಾನು ಲಿಪಿಕಾರನೆಂಬ ಮಾತನ್ನು ಅವನು ದೂರದ ವಾಯವ್ಯದ ಖರೋಷ್ಠಿಯಲ್ಲಿ, ಬಲದಿಂದ ಎಡಕ್ಕೆ, ಬರೆದುಕೊಂಡಿದ್ದಾನೆ. ಸುವರ್ಣಗಿರಿಯಲ್ಲಿದ್ದ ರಾಜಕುಮಾರನ ಹೆಸರು ಆ ಶಾಸನದಲ್ಲಿ ಇಲ್ಲ. ಚಪಡನ ಹೆಸರು ಇದೆ.