ನೆರಳಷ್ಟೇ ಸಾಲದು: ಹಾರ್ಪ್ಸಿಕಾರ್ಡಿನ ಕಂಟಿನ್ಯುವೊ ಮತ್ತು ಸೊಲ್ಲಾಪುರ–ಅಕ್ಕಲಕೋಟ ಸೀಮೆಯ ಪೇಟಿ ಸಾಥ್

(ಆನ್‌ಲೈನ್ ವಿಚಾರ ಸಂಕಿರಣದಲ್ಲಿ ಮಾತಾಡಿದ್ದರ ಲಿಖಿತ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಂಡಿದ್ದೇನೆ. ಚರ್ಚೆಯಲ್ಲಿ ಬಂದ ಎರಡು ಪ್ರಶ್ನೆಗಳನ್ನು ಅವು ಸೇರಬೇಕಾದ ಜಾಗದಲ್ಲಿ ಸೇರಿಸಿದ್ದೇನೆ.)

 

ಸಂಗೀತ ಕಾರ್ಯಕ್ರಮದ ಯಾವ ವರದಿಯನ್ನಾದರೂ ತೆಗೆದು ನೋಡ್ರಿ. ಗಾಯಕರ ರಾಗ, ಆಲಾಪ, ತಾನು ಎಲ್ಲದರ ಬಗ್ಗೆ ನಾಲ್ಕು ಮಾತು ಇರ್ತಾವೆ. ಕೊನೆಗೆ ಒಂದು ಸಾಲು: ಹಾರ್ಮೋನಿಯಂನಲ್ಲಿ ಇಂಥವರು ಸಮರ್ಥವಾಗಿ ಸಾಥ್ ನೀಡಿದರು. ಈ 'ಸಮರ್ಥವಾಗಿ' ಅಂದರೆ ಏನು? ವರದಿ ಬರೆದವರನ್ನು ಕೇಳಿದರೆ ಬಹುಶಃ ಬರುವ ಉತ್ತರ, "ಗಾಯಕರನ್ನು ಚೆನ್ನಾಗಿ ಹಿಂಬಾಲಿಸಿದರು" ಅಂತ. ನೆರಳಿನ ಹಾಗೆ ಹೋದರು ಅಂತ. ಈ ಅಳತೆಗೋಲು ಸಾಲದು ಅನ್ನುವುದು ಇವತ್ತಿನ ನನ್ನ ವಾದ. ಅದಕ್ಕೆ ಆಧಾರವಾಗಿ ದೂರದ ಒಂದು ಶಾಸ್ತ್ರವನ್ನು, ಅಂದರೆ ಬರೋಕ್ ಕಾಲದ ಹಾರ್ಪ್ಸಿಕಾರ್ಡ್ ವಾದಕರ ಕಂಟಿನ್ಯುವೊ ಅಭ್ಯಾಸವನ್ನು, ನಮ್ಮ ಪೇಟಿಯ ಪಕ್ಕ ಇಟ್ಟು ನೋಡ್ತೀನಿ. ನಮ್ಮ ಸೀಮೆಯಲ್ಲಿ ಹಾರ್ಪ್ಸಿಕಾರ್ಡ್ ಇಲ್ಲ. ಆದರೆ ಕೀಲಿಮಣೆಯ ಮುಂದೆ ಕೂತು ಇನ್ನೊಬ್ಬರ ಹಾಡಿಗೆ ಜೊತೆಯಾಗುವ ಕೆಲಸ ಹಳ್ಳಿಹಳ್ಳಿಯಲ್ಲೂ ಇದೆ.

ಮೊದಲು ಕಂಟಿನ್ಯುವೊ ಅಂದರೇನು ಅಂತ ಚಿಕ್ಕದಾಗಿ ಹೇಳಿಬಿಡ್ತೀನಿ. ಸುಮಾರು 1600ರಿಂದ 150 ವರ್ಷ ಯುರೋಪಿನ ಸಂಗೀತದಲ್ಲಿ ಹಾಡಿನ ಕೆಳಗೆ ಒಂದು ಮಂದ್ರದ ಸಾಲು ಮಾತ್ರ ಬರೆದಿರುತ್ತಿತ್ತು. ಸ್ವರಗಳ ಜೊತೆ 6, 7, 4 ಇಂಥ ಅಂಕಿಗಳು. 6 ಅಂತ ಇದ್ದರೆ ಆ ಸ್ವರದಿಂದ ಎಣಿಸಿ ಮೂರನೆಯದನ್ನೂ ಆರನೆಯದನ್ನೂ ಸೇರಿಸಿ ನುಡಿಸು ಅಂತ ಅರ್ಥ. ಎಷ್ಟು ಸ್ವರ ಒತ್ತಬೇಕು, ಒಮ್ಮೆಲೇ ಒತ್ತಬೇಕೋ ಬಿಡಿಸಿ ಒತ್ತಬೇಕೋ, ಯಾವಾಗ ಕೈ ಎತ್ತಬೇಕು ಅನ್ನುವುದು ಬರೆದಿರುತ್ತಿರಲಿಲ್ಲ. ಅದೆಲ್ಲ ವಾದಕನ ತಿಳಿವಳಿಕೆಗೆ ಬಿಟ್ಟದ್ದು. ವಿಯಾದಾನ 1602ರಲ್ಲಿ ಕಂಟಿನ್ಯುವೊ ಬಾಸ್ ಇರುವ ಕೃತಿಗಳನ್ನು ವೆನಿಸ್‌ನಲ್ಲಿ ಅಚ್ಚು ಹಾಕಿಸಿದ. 1607ರಲ್ಲಿ ಅಗಾತ್ಸಾರಿ, 1708ರಲ್ಲಿ ಗಾಸ್ಪರೀನಿ, 1728ರಲ್ಲಿ ಹೈನಿಖೆನ್, 1762ರಲ್ಲಿ ಕಾರ್ಲ್ ಫಿಲಿಪ್ ಎಮ್ಯಾನುಯೆಲ್ ಬಾಖ್ ಈ ವಿದ್ಯೆಯ ಬಗ್ಗೆ ಬರೆದರು. ಇವತ್ತಿಗೂ ಉನ್ನತ ತರಗತಿಯ ಹಾರ್ಪ್ಸಿಕಾರ್ಡ್ ವಿದ್ಯಾರ್ಥಿ ಇವೇ ಗ್ರಂಥಗಳನ್ನು ಕೀಲಿಮಣೆಯ ಮೇಲಿಟ್ಟುಕೊಂಡು ಕಲೀತಾನೆ. ಅವು ಜೊತೆಗಾರನ ಕೆಲಸವನ್ನು ತೀರ್ಮಾನಗಳ ಸರಮಾಲೆ ಅಂತ ಕಾಣ್ತಾವೆ, ಪ್ರತಿ ತೀರ್ಮಾನಕ್ಕೂ ಕಾರಣ ಕೇಳ್ತಾವೆ. ನಮ್ಮ ವಿಮರ್ಶೆಯಲ್ಲಿ ಇಲ್ಲದ್ದು ಇದೇ.

ಈಗ ಎರಡನ್ನೂ ಎದುರುಬದುರು ಇಡೋಣ. ಮೊದಲ ನೋಟಕ್ಕೆ ಎರಡೂ ಒಂದಕ್ಕೊಂದು ಪೂರ್ತಿ ವಿರುದ್ಧ. ಗಾಯಕಿ ಹಾಡುತ್ತಿರುವ ಸ್ವರವನ್ನೇ ನೀನು ಆದಷ್ಟು ನುಡಿಸಬೇಡ ಅಂತ ಅಗಾತ್ಸಾರಿ ಹೇಳ್ತಾನೆ. ಗಾಸ್ಪರೀನಿಯೂ ಹಾಡಿನ ಸ್ವರಸ್ವರಕ್ಕೂ ಬೆನ್ನು ಹತ್ತಬಾರದು ಅಂತಾನೆ. ನಮ್ಮಲ್ಲಿ ನೋಡಿದರೆ ಹಾಡಿದ್ದನ್ನೇ ಅರೆಕ್ಷಣ ಹಿಂದೆ ನುಡಿಸೋದೇ ಸಾಥ್. ಅಲ್ಲಿ ತಪ್ಪು ಅನ್ನೋದು ಇಲ್ಲಿ ಧರ್ಮ. ಇಷ್ಟಕ್ಕೇ ನಿಂತರೆ ಹೋಲಿಕೆ ಮುಗೀತದ. ಆದರೆ ಈ ನಿಯಮ ಯಾಕೆ ಅಂತ ಕೇಳಿದರೆ ಮಾತು ಬೇರೆಯಾಗ್ತದ. ಹಾಡುವವರ ಸ್ವರಕ್ಕೆ ಮುಸುಕು ಹಾಕಬಾರದು, ಅಲಂಕಾರಕ್ಕೆ ಜಾಗ ಬಿಡಬೇಕು ಅನ್ನೋದು ಅಲ್ಲಿಯ ಕಾರಣ. ನಮ್ಮ ಒಳ್ಳೆಯ ಪೇಟಿ ಮಾಸ್ತರರ ಗುರಿಯೂ ಅದೇ ಅಲ್ಲೇನ್ರಿ?

ಎರಡು ವಾದ್ಯಗಳ ಸ್ವಭಾವವೂ ತಿರುಗಮುರುಗ. ಹಾರ್ಪ್ಸಿಕಾರ್ಡಿನಲ್ಲಿ ತಂತಿಯನ್ನು ಮೀಟಿದ ಕೂಡಲೇ ನಾದ ಆರುತ್ತಾ ಹೋಗ್ತದ. ಬೆರಳಿನ ಒತ್ತು ಜೋರು ಮಾಡಿದರೂ ದನಿ ಜೋರಾಗೋದಿಲ್ಲ. ಹಾಗಾಗಿ ಅವನ ಚಿಂತೆ, ನಾದವನ್ನು ಉಳಿಸೋದು ಹೇಗೆ ಅನ್ನೋದು. ಸ್ವರಗಳನ್ನು ಬಿಡಿಸಿ ಉರುಳಿಸ್ತಾನೆ, ಮತ್ತೆ ಮೀಟ್ತಾನೆ, ದನಿ ದೊಡ್ಡದು ಬೇಕಾದರೆ ಹೆಚ್ಚು ಸ್ವರ ಒತ್ತುತಾನೆ. ಪೇಟಿಯಲ್ಲಿ ಭಾತಾ ಆಡುವ ತನಕ ನಾದ ನಿಲ್ಲೋದೇ ಇಲ್ಲ. ನಮ್ಮ ಚಿಂತೆ, ನಿಲ್ಲಿಸೋದು ಯಾವಾಗ ಅನ್ನೋದು. ನಮ್ಮ ವಿಮರ್ಶೆ ಈ ಪ್ರಶ್ನೆಯನ್ನು ಕೇಳಿದ್ದು ಬಹಳ ಕಡಿಮೆ.

ಹಾಗಾದರೆ ಹಾರ್ಮೋನಿಯಂ ಬಗ್ಗೆ ನಾವು ನೂರು ವರ್ಷ ಕೇಳಿದ್ದೇನು? ಶ್ರುತಿಯ ಪ್ರಶ್ನೆ. ಅದು ನಮ್ಮ ನೆರೆಯಲ್ಲೇ ಬೆಳೆದ ವಾದ. ಸಾಂಗ್ಲಿಯ ಕೆ.ಬಿ. ದೇವಲ್ 1910ರಲ್ಲಿ 22 ಶ್ರುತಿಗಳ ಬಗ್ಗೆ ಪುಸ್ತಕ ಬರೆದರು. ಅವರೂ ಇ. ಕ್ಲೆಮೆಂಟ್ಸ್ ಎಂಬ ಜಿಲ್ಲಾ ನ್ಯಾಯಾಧೀಶರೂ ಸೇರಿ ಶ್ರುತಿ ಹಾರ್ಮೋನಿಯಂ ಮಾಡಿಸಲು ಹೊರಟರು. ರವೀಂದ್ರನಾಥ ಟಾಗೋರರು ಹಾರ್ಮೋನಿಯಂ ವಿರೋಧಿಸಿದರು. 1940ರಲ್ಲಿ ಆಕಾಶವಾಣಿ ಅದನ್ನು ನಿಷೇಧಿಸಿತು. ನಿಷೇಧ ಭಾಗಶಃ ಸಡಿಲವಾಗೋದಕ್ಕೆ 1971 ಬರಬೇಕಾಯಿತು. ಅಷ್ಟು ವರ್ಷವೂ ಜಗಳ ವಾದ್ಯದ ಮೇಲೆ. ನುಡಿಸುವವನ ವಿವೇಕದ ಮೇಲೆ ಅಲ್ಲ.

ಆಕ್ಷೇಪ ಸುಳ್ಳಲ್ಲ. ತಂಬೂರಿಯ ಷಡ್ಜದ ತಂತಿಯೊಳಗೇ ಒಂದು ಗಾಂಧಾರ ಕೇಳಿಸ್ತದ. ಸಪ್ತಕವನ್ನು 1200 ಸೆಂಟ್ ಅಂತ ಹಿಡಿದರೆ ಆ ಗಾಂಧಾರ ಸುಮಾರು 386ರಲ್ಲಿದೆ. ಸಮವಿಭಾಗ ಮಾಡಿದ ಪೇಟಿಯ ಗಾಂಧಾರ 400ರಲ್ಲಿದೆ. 14 ಸೆಂಟ್ ಏರು. ಭೂಪದಲ್ಲಿ ಗಾಯಕರು ಗಾಂಧಾರದ ಮೇಲೆ ನಿಂತಾಗ ಪೇಟಿಯೂ ಅಲ್ಲೇ ನಿಂತರೆ ಕಿವಿಗೆ ಚುಚ್ಚೋದು ಇದೇ ಅಂತರ. ಹಾರ್ಪ್ಸಿಕಾರ್ಡಿನವನಿಗೂ ಇದೇ ಗಾಂಧಾರದ ಕಾಟ ಇತ್ತು. ಆದರೆ ಅವನು ಕಚೇರಿಗೆ ಮುಂಚೆ ತಂತಿಗಳನ್ನು ತಾನೇ ಶ್ರುತಿ ಮಾಡಿಕೊಳ್ತಾನೆ. ಪಂಚಮಗಳನ್ನು ಕೊಂಚ ಇಳಿಸಿ ಗಾಂಧಾರವನ್ನು ಶುದ್ಧ ಮಾಡಿಕೊಳ್ಳುವ ಪದ್ಧತಿಯೇ ಅಲ್ಲಿತ್ತು. ನಮಗೆ ಆ ಅನುಕೂಲ ಇಲ್ಲ. ರೀಡು ಕೆರೆಯೋದು ರಿಪೇರಿಯವರ ಕೆಲಸ, ಕಚೇರಿಯ ಹೊತ್ತಿಗೆ ಆಗೋದಲ್ಲ.

ಇಲ್ಲಿ ಬಾಖ್ ಹೇಳುವ ಒಂದು ಮಾತು ನಮಗೆ ನೇರ ಉಪಯೋಗಕ್ಕೆ ಬರ್ತದ. ಆರ್ಗನ್ನು ಪೇಟಿಯ ಹಾಗೆ ನಾದ ಬಿಡದೆ ಹಿಡಿಯುವ ವಾದ್ಯ. ಬೇರೆ ವಾದ್ಯಗಳು ದೀರ್ಘ ಸ್ವರ ಹಿಡಿದಿರುವ ರೆಸಿಟೇಟಿವ್‌ನಲ್ಲಿ ಆರ್ಗನ್ ವಾದಕ ಮಂದ್ರ ಸ್ವರವನ್ನಷ್ಟೇ ಹಿಡಿದು, ಮೇಲಿನ ಸ್ವರಗಳನ್ನು ಒತ್ತಿದ ಕೂಡಲೇ ಬಿಟ್ಟುಬಿಡಬೇಕು ಅಂತ ಅವನ ಸಲಹೆ. ಆರ್ಗನ್ನುಗಳ ಶ್ರುತಿ ಪೂರ್ತಿ ಶುದ್ಧ ಇರೋದು ಅಪರೂಪ, ಹಿಡಿದೇ ಕೂತರೆ ಉಳಿದವರ ಸ್ವರಕ್ಕೆ ಹೊಂದೋದಿಲ್ಲ ಅನ್ನೋದು ಅವನು ಕೊಡುವ ಕಾರಣ. ನೋಡ್ರಿ, ವಾದ್ಯದ ದೋಷಕ್ಕೆ ಅವನು ವಾದ್ಯವನ್ನು ಹೊರಗೆ ಹಾಕಲಿಲ್ಲ. ಕೈಗೆ ಒಂದು ಶಿಸ್ತು ಕೊಟ್ಟ. ನಮ್ಮಲ್ಲಿಯೂ ಜಾಣ ಪೇಟಿಯವರು ಗಾಯಕರು ಗಾಂಧಾರದ ಮೇಲೆ ನಿಂತ ಕೂಡಲೇ ಬೆರಳು ಸಡಿಲಿಸಿ ಷಡ್ಜಕ್ಕೆ ಸರೀತಾರೆ. ದರಬಾರಿಯ ಗಾಂಧಾರದ ಆಂದೋಲನ ಬಂದಾಗ ಎರಡು ಮನೆಗಳ ನಡುವೆ ಬೆರಳು ಕುಣಿಸೋದಿಲ್ಲ, ಸುಮ್ಮನೆ ಕಾಯ್ತಾರೆ. ಈ ಕಾಯುವಿಕೆಗೆ ನಮ್ಮ ಬರವಣಿಗೆಯಲ್ಲಿ ಒಂದು ಹೆಸರೂ ಇಲ್ಲ.

ಇನ್ನು ನಮ್ಮ ನೆಲಕ್ಕೆ ಬರ್ತೀನಿ. ಸೊಲ್ಲಾಪುರ, ಅಕ್ಕಲಕೋಟ, ಮೈಂದರ್ಗಿ, ದುಧನಿ, ನಾಗಣಸೂರ ಈ ಕಡೆ ಭಜನೆಗೆ ಕೂತ ಪೇಟಿಯವರಿಗೆ ಒಂದೇ ರಾತ್ರಿ ಎರಡು ಭಾಷೆ, ಮೂರು ಬಗೆಯ ಹಾಡು ಎದುರಾಗ್ತಾವೆ: ಮರಾಠಿಯ ಅಭಂಗ, ಕನ್ನಡದ ತತ್ವಪದ, ವಚನ. ಮೂರಕ್ಕೂ ಒಂದೇ ಸಾಥ್ ಆದರೆ ಎರಡಕ್ಕಾದರೂ ಅನ್ಯಾಯ ಆಗ್ತದ.

ಅಭಂಗದಲ್ಲಿ ಮೇಳದವರು ಪಲ್ಲವಿಯನ್ನು ಎತ್ತಿ ಹಾಡ್ತಾರೆ, ತಾಳ ಬಿಗಿ. ಹತ್ತಾರು ಜನರ ಗಂಟಲಿಗೆ ಪೇಟಿಯೇ ಊರುಗೋಲು. ಅಲ್ಲಿ ಧಾಟಿಯನ್ನು ಗಟ್ಟಿಯಾಗಿ, ಪೂರ್ತಿಯಾಗಿ ನುಡಿಸೋದೇ ಸರಿ. ತತ್ವಪದದಲ್ಲಿ ಏಕತಾರಿಯ ಒಂದೇ ನಾದದ ಮೇಲೆ ಹಾಡು ನಡೀತದ, ಪೇಟಿ ಅದರ ಬಳಿ ತಗ್ಗಿ ಕೂತರೆ ಚಂದ. ವಚನದ್ದು ಬೇರೆಯೇ ಕಥೆ. ಇವತ್ತು ವಚನಗಳನ್ನು ತಾಳಕ್ಕೆ ಕೂಡಿಸಿಯೇ ಹಾಡೋದು ಹೆಚ್ಚು. ಆದರೂ ಸಾಲುಗಳ ಅಳತೆ ಸಮ ಇಲ್ಲ, ನಡೆ ಮಾತಿನದು. ಸೊನ್ನಲಿಗೆಯ ಸಿದ್ಧರಾಮನ ವಚನ ತಗೊಳ್ರಿ. ಕೊನೆಗೆ 'ಕಪಿಲಸಿದ್ಧಮಲ್ಲಿಕಾರ್ಜುನ' ಎಂಬ ಅಂಕಿತ ಬರೋ ತನಕ ಕೇಳುಗನ ಮನಸ್ಸು ಕಾಯ್ತಿರ್ತದ, ಅಂಕಿತಕ್ಕೆ ಬಂದು ವಾಕ್ಯ ನೆಲೆ ನಿಲ್ತದ.

ಬರೋಕ್ ಸಂಗೀತದಲ್ಲಿ ಇದಕ್ಕೆ ಹತ್ತಿರದ್ದು ರೆಸಿಟೇಟಿವ್, ಅಂದರೆ ಮಾತಿನ ನಡೆಯಲ್ಲೇ ಹಾಡುವ ಭಾಗ. ಅಲ್ಲಿ ಕಂಟಿನ್ಯುವೊ ವಾದಕ ತಾಳ ಎಣಿಸೋದಿಲ್ಲ, ಪದ ಓದ್ತಾನೆ. ಬಾಸ್ ಸ್ವರ ದೀರ್ಘವಾಗಿ ಬರೆದಿದ್ದರೂ ಹಲವು ಕಡೆ ಅದನ್ನು ಚಿಕ್ಕದಾಗಿ ನುಡಿಸಿ ಬಿಡುವ ರೂಢಿ ಇತ್ತು, ಪದ ಸ್ಪಷ್ಟ ಕೇಳಲಿ ಅಂತ. ಗಾಯಕನಿಗೆ ಮುಂದಿನ ಸ್ವರದ ದಾರಿ ಬೇಕಾದಾಗ ತಡ ಮಾಡದೆ ಅದನ್ನು ಮುಂದಿಟ್ಟುಬಿಡ್ತಾನೆ. ಅಂದರೆ ಅವನು ಒಮ್ಮೆ ಹಿಂದೆ, ಒಮ್ಮೆ ಮುಂದೆ, ಒಮ್ಮೆ ಮೌನ. ನೆರಳು ಎಂದೂ ಮುಂದೆ ಹೋಗಿ ದೀಪ ಹಿಡಿಯೋದಿಲ್ಲ. ವಚನಕ್ಕೆ ಪೇಟಿ ನುಡಿಸುವವರು ಅಂಕಿತ ಎಲ್ಲಿ ಬರ್ತದ ಅಂತ ಮೊದಲೇ ತಿಳಿದಿರಬೇಕು. ನಡುವೆ ಷಡ್ಜದ ಮೇಲೆ ತಗ್ಗಿ ಕೂತು, ಪದಗಳನ್ನು ಬಿಟ್ಟುಕೊಟ್ಟು, ಅಂಕಿತದ ಹತ್ತಿರ ಧಾಟಿಯನ್ನು ಪೂರ್ತಿ ಎತ್ತಿಕೊಂಡರೆ ವಚನದ ಅರ್ಥವೇ ಕೇಳಸ್ತದ. ಪ್ರತಿ ಪದದ ಮೇಲೂ ಬೆರಳು ಓಡಿದರೆ ಕೇಳೋದು ಧಾಟಿ ಮಾತ್ರ.

ಇಲ್ಲಿ ಒಬ್ಬ ಪ್ರಾಧ್ಯಾಪಕರು ಕೇಳಿದರು: ಇದು ಎರವಲು ಅಳತೆಗೋಲಲ್ಲವೇ, ಸ್ವರಮೇಳದ ಶಾಸ್ತ್ರವನ್ನು ರಾಗಕ್ಕೆ ಹಚ್ಚಬಹುದೇ ಅಂತ. ಹಚ್ಚಬಾರದು, ಸರ್. ವಚನಕ್ಕೆ ಸಾ-ಗ-ಪ ಒಟ್ಟಿಗೆ ಒತ್ತಿರಿ ಅಂತ ನಾನು ಹೇಳ್ತಿಲ್ಲ. ನಾನು ತಗೊಂಡದ್ದು ಅವರ ಸ್ವರಮೇಳವನ್ನಲ್ಲ, ಪ್ರಶ್ನೆ ಕೇಳುವ ಅವರ ರೀತಿಯನ್ನು. ವಾದ್ಯವಂತೂ 19ನೇ ಶತಮಾನದ ಫ್ರಾನ್ಸಿನಿಂದ ಬಂದು, ಕಲ್ಕತ್ತೆಯಲ್ಲಿ ಕೈಭಾತಾ ಪಡೆದು, ನಮ್ಮ ಮಠ-ಗುಡಿಗಳೊಳಗೆ ಕೂತಿದೆ. ಗದುಗಿನ ಪುಟ್ಟರಾಜ ಗವಾಯಿಗಳು, ಬೆಳಗಾವಿಯ ರಾಮಭಾವು ಬಿಜಾಪುರೆ (1917–2010) ಇಂಥವರು ಅದಕ್ಕೆ ನಮ್ಮ ನಾಡಿನಲ್ಲಿ ಮರ್ಯಾದೆ ತಂದರು. ವಾದ್ಯ ನಮ್ಮದಾಯಿತು, ಅದರ ಸಾಥಿನ ವಿವೇಕವೂ ಅವರ ಕೈಯಲ್ಲಿ ಬೆಳೆಯಿತು. ಆ ವಿವೇಕವನ್ನು ಹಿಡಿದಿಡುವ ಬರವಣಿಗೆ ಮಾತ್ರ ಬೆಳೀಲಿಲ್ಲ.

ಎರಡನೆಯ ಪ್ರಶ್ನೆ ಅಕ್ಕಲಕೋಟ ಕಡೆಯ ಒಬ್ಬ ವಿದ್ಯಾರ್ಥಿನಿಯದು: "ಸರ್, ನಮ್ಮೂರ ಭಜನ್ಯಾಗ ನಾ ಕೈ ಎತ್ತಿದ್ರ ಹಾಡೋರು ಶ್ರುತಿ ಬಿಡ್ತಾರ, ಕೂತ ಮಂದಿ ಪೇಟಿ ಯಾಕ ಬಂದ್ ಆತು ಅಂತಾರ. ಆಗೇನ್ ಮಾಡೂದು?" ಬಹಳ ಸರಿಯಾದ ಪ್ರಶ್ನೆ. ಮೌನ ಅನ್ನೋದು ಎಲ್ಲರಿಗೂ ಒಂದೇ ಔಷಧ ಅಲ್ಲ. ಹಾಡುವವರಿಗೆ ಆಸರೆ ಬೇಕಾದರೆ ಆಸರೆ ಕೊಡೋದೇ ಸಾಥ್, ತಂಗಿ. ಅಲ್ಲಿ ಪೂರ್ತಿ ನುಡಿಸು. ಆದರೆ ಅದು ಯೋಚಿಸಿ ಮಾಡಿದ್ದಾಗಿರಲಿ. ಇವತ್ತು ಇವರಿಗೆ ಎಷ್ಟು ಬೇಕು, ನಾಳೆ ಅವರಿಗೆ ಎಷ್ಟು ಸಾಕು ಅಂತ ಅಳೆಯೋದೇ ಈ ವಿದ್ಯೆ.

ಇದೆಲ್ಲ ಯಾಕೆ ಇಷ್ಟು ಮುಖ್ಯ? ತಂಬೂರಿಯ ಜಾಗಕ್ಕೆ ಎಷ್ಟೋ ಕಡೆ ಪೆಟ್ಟಿಗೆ ಬಂದಾಯಿತು, ತಬಲಾದ ಜಾಗಕ್ಕೂ ಯಂತ್ರ ಬಂದಿದೆ. ಸ್ಕೇಲ್ ಚೇಂಜರ್ ಬಂದ ಮೇಲೆ ಕರಿ ಒಂದು, ಕರಿ ಐದು, ಬಿಳಿ ನಾಲ್ಕು ಅಂತ ಎಲ್ಲ ಪಟ್ಟಿಗಳಿಂದಲೂ ಬೆರಳು ತಿರುಗಿಸುವ ಅಭ್ಯಾಸ ಸಡಿಲಾಗ್ತಿದೆ. ಹಿಂಬಾಲಿಸೋದಷ್ಟೇ ಸಾಥ್ ಅಂತ ನಾವೇ ಒಪ್ಪಿಕೊಂಡರೆ, ಹಿಂಬಾಲಿಸುವ ಯಂತ್ರ ಬಂದ ದಿನ ಪೇಟಿಯವರಿಗೆ ಭಜನೆಯಲ್ಲಿ ಕೂಡಲು ಚಾಪೆ ಇರೋದಿಲ್ಲ. ಯಾರಿಗೆ ಎಷ್ಟು ಆಸರೆ ಬೇಕು ಅಂತ ಅಳೆಯುವ ಮನುಷ್ಯನ ಕೆಲಸ ಕೇಳುಗರಿಗೆ ಕಾಣಬೇಕಾದರೆ ವಿಮರ್ಶಕರು ಅದನ್ನು ಮೊದಲು ಕಂಡು ಬರೆಯಬೇಕು.

ಹಾಗಾಗಿ ನನ್ನ ಸೂಚನೆ ಎರಡು. ಒಂದು, ಕಾರ್ಯಕ್ರಮದ ಬಗ್ಗೆ ಬರೆಯುವಾಗ ಮೂರು ಪ್ರಶ್ನೆ ಕೇಳೋಣ: ಪೇಟಿ ಎಲ್ಲಿ ಕೈ ಎತ್ತಿತು? ಎಲ್ಲಿ ಗಾಯಕರಿಗಿಂತ ಮೊದಲೇ ದಾರಿ ತೋರಿಸಿತು? ನಿಂತ ಸ್ವರದ ಮೇಲೆ ಏನು ಮಾಡಿತು? ಎರಡು, ನಮ್ಮ ತರಗತಿಗಳಲ್ಲಿ ಪೇಟಿಯ ಪರೀಕ್ಷೆ ಅಂದರೆ ಸೋಲೋ ಮಾತ್ರ ಆಗೋದು ಬೇಡ. ಒಂದೇ ವಚನವನ್ನು ಪಳಗಿದ ಗಾಯಕರೊಬ್ಬರಿಗೂ, ಆಗತಾನೇ ಕಲಿಯುತ್ತಿರುವವರೊಬ್ಬರಿಗೂ ನುಡಿಸಿ, ಎರಡರಲ್ಲಿ ಏನು ಬದಲಿಸಿದೆ, ಯಾಕೆ ಬದಲಿಸಿದೆ ಅಂತ ವಿದ್ಯಾರ್ಥಿ ಬಾಯಿಬಿಟ್ಟು ಹೇಳಲಿ. ಅದಕ್ಕೆ ಅಂಕ ಕೊಡೋಣ.

 ಮುಂದಿನ ಮಾತು ನಿಮ್ಮದು.