ಮಾತಿಲ್ಲದ ಹಾಡುಗಳ ಗೆಳೆಯ

ಕುಂದಾಪುರದ ನಮ್ಮ ಗೆಳೆಯರೊಬ್ಬರು ತೀರಿಕೊಂಡ ಬಳಿಕ ಅವರ ಮನೆಯವರು ಒಂದು ರಟ್ಟಿನ ಪೆಟ್ಟಿಗೆಯನ್ನು ನಮ್ಮ ಮುಂದಿಟ್ಟರು. ಒಳಗೆ ಕ್ಯಾಸೆಟ್‌ಗಳು, ಬಹುಪಾಲು ಸ್ಟೀಲ್ ಗಿಟಾರಿನವು. 'ಬೇಕಾದರೆ ಒಯ್ಯಿರಿ, ಇಲ್ಲದಿದ್ದರೆ ಗುಜರಿಗೆ ಹೋಗುತ್ತದೆ' ಎಂದರು.

ಈ ಸಂಗೀತವನ್ನು ನಾವು ಎಂದೂ ಗಂಭೀರವಾಗಿ ಕೇಳಿದವರಲ್ಲ. ರೇಡಿಯೋದಲ್ಲಿ ಎರಡು ಕಾರ್ಯಕ್ರಮಗಳ ನಡುವಿನ ಬಿಡುವು ತುಂಬಲು, ಮದುವೆ ಊಟದ ಗದ್ದಲದ ಹಿಂದೆ ನುಡಿಸಲು ಇರುವ ಸರಕು ಎಂದುಕೊಂಡಿದ್ದೆವು. ಸಿನಿಮಾ ಹಾಡಿನ ಸಾಹಿತ್ಯ ತೆಗೆದರೆ ಉಳಿಯುವುದು ಬರೀ ನಕಲು ಎಂದು ಬೈಂದೂರಿನ ಒಂದು ಮದುವೆಯಲ್ಲಿ ವಾದಿಸಿಯೂ ಇದ್ದೆವು. ಗೆಳೆಯರು ವಾದಕ್ಕಿಳಿಯಲಿಲ್ಲ. 'ಹ್ವಾಯ್, ಸುಮ್ನೆ ಕೂಕಂಡ್ ಒಂದ್ಸಲ ಕೇಣಿ' ಎಂದಷ್ಟೇ ಹೇಳಿ ಧ್ವನಿವರ್ಧಕದ ಬಳಿಗೆ ಕುರ್ಚಿ ಎಳೆದುಕೊಂಡರು.

ಈಗ ಕೇಳಿದ್ದೇವೆ. ಮಾಮೂಲಿ ಗಿಟಾರಿನಲ್ಲಿ ಬೆರಳು ಮೆಟ್ಟಿನಿಂದ ಮೆಟ್ಟಿಗೆ ಹಾರುತ್ತದೆ. ಸ್ಟೀಲ್ ಗಿಟಾರನ್ನು ತೊಡೆಯ ಮೇಲೆ ಮಲಗಿಸಿ, ಎತ್ತರಿಸಿದ ತಂತಿಗಳ ಮೇಲೆ ಉಕ್ಕಿನ ತುಂಡನ್ನು ಜಾರಿಸುತ್ತಾರೆ. ಒಂದು ಸ್ವರ ಇನ್ನೊಂದಕ್ಕೆ ಕಡಿಯದೆ ಹರಿಯುತ್ತದೆ, ಗಾಯಕರ ಕಂಠದ ಹಾಗೆ. ನಮ್ಮ ಗೋಟುವಾದ್ಯ, ವಿಚಿತ್ರವೀಣೆಗಳದ್ದೂ ಇದೇ ಕ್ರಮ. 19ನೇ ಶತಮಾನದ ಕೊನೆಯಲ್ಲಿ ಹವಾಯಿ ದ್ವೀಪಗಳಲ್ಲಿ ರೂಪುಗೊಂಡ ಈ ವಾದನ ಭಾರತದಲ್ಲಿ ಪರಕೀಯವೆನಿಸದಿರಲು ಇದೇ ಕಾರಣವಿರಬೇಕು. ಬ್ರಿಜ್‌ಭೂಷಣ್ ಕಾಬ್ರಾ ಅವರು ಇದರಲ್ಲಿ ರಾಗಗಳನ್ನೇ ನುಡಿಸಿದರು. ಶಿವಕುಮಾರ್ ಶರ್ಮಾ, ಹರಿಪ್ರಸಾದ್ ಚೌರಾಸಿಯಾ ಅವರೊಂದಿಗಿನ ಅವರ 'ಕಾಲ್ ಆಫ್ ದ ವ್ಯಾಲಿ' 1967ರಲ್ಲಿ ಬಂತು.

ಗೆಳೆಯರ ಒಲವು ಮಾತ್ರ ಹಾಡುಗಳನ್ನು ನುಡಿಸಿದವರ ಮೇಲೆ: ವ್ಯಾನ್ ಶಿಪ್ಲಿ, ಹಜಾರಾ ಸಿಂಗ್, ಸುನಿಲ್ ಗಂಗೂಲಿ, ಕವಿ ನಜ್ರುಲ್ ಇಸ್ಲಾಂ ಅವರ ಮಗ ಕಾಜಿ ಅನಿರುದ್ಧ. ಈ ಹೆಸರುಗಳನ್ನು ಒಂದೇ ಉಸಿರಿನಲ್ಲಿ ಹೇಳುವಾಗ ಅವರ ಮುಖ ಅರಳುತ್ತಿತ್ತು. ಯಾರು ಯಾವ ಮತದವರೆಂದು ಅವರು ಲೆಕ್ಕ ಹಾಕಿದ್ದನ್ನು ನಾವು ಕಂಡಿಲ್ಲ. ಹೆಸರು ಕೇಳಿಯೇ ಮನುಷ್ಯರನ್ನು ವಿಂಗಡಿಸುವ ಅಭ್ಯಾಸ ನಮ್ಮ ಕರಾವಳಿಗೆ ಅಂಟಿಕೊಂಡಿರುವಾಗ ಇದು ಸಣ್ಣ ಗುಣವಲ್ಲ.

ಪೆಟ್ಟಿಗೆಯಲ್ಲಿರುವುದೆಲ್ಲ ಶ್ರೇಷ್ಠವೆಂದು ನಾವು ಹೇಳುವುದಿಲ್ಲ. ಕೆಲವದರಲ್ಲಿ ತಾಳ ಯಾಂತ್ರಿಕ, ಜಾರುಗಳು ಅತಿಯಾಗಿ ಸಿಹಿ. ಆದರೆ ಒಳ್ಳೆಯ ವಾದಕನು ಹಾಡಿನ ಸಾಲು ಮುಗಿಯುವಲ್ಲಿ ಉಕ್ಕನ್ನು ತುಸು ತಡೆದು ನಡುಗಿಸುವಾಗ, ಕೇಳುಗನ ಮನಸ್ಸು ಬಿಟ್ಟುಹೋದ ಪದವನ್ನು ತಾನೇ ತುಂಬಿಕೊಳ್ಳುತ್ತದೆ. ನಕಲು ಇಷ್ಟು ಮಾಡಲಾರದು. ನಮ್ಮ ತೀರ್ಪು ತಪ್ಪಾಗಿತ್ತು. ಅದನ್ನು ಅವರಿದ್ದಾಗಲೇ ಒಪ್ಪಿಕೊಳ್ಳಬೇಕಿತ್ತು.

ನಮ್ಮ ಮಳೆಗಾಲದ ತೇವಕ್ಕೆ ಕ್ಯಾಸೆಟ್ ಟೇಪುಗಳು ಬೂಷ್ಟು ಹಿಡಿಯುತ್ತವೆ. ಬ್ರಹ್ಮಾವರದ ಪರಿಚಿತರೊಬ್ಬರ ಬಳಿ ಇನ್ನೂ ಓಡುವ ಟೇಪ್ ರೆಕಾರ್ಡರ್ ಇದೆ. ಒಂದೊಂದನ್ನೇ ಅಲ್ಲಿ ನುಡಿಸಿ ಕಂಪ್ಯೂಟರಿಗೆ ಇಳಿಸುತ್ತಿದ್ದೇವೆ. ಓದುಗರ ಮನೆಯಲ್ಲೂ ಹೀಗೊಂದು ಪೆಟ್ಟಿಗೆ ಇದ್ದರೆ, ಗುಜರಿಯವನನ್ನು ಕರೆಯುವ ಮೊದಲು ಒಮ್ಮೆ ಸುಮ್ಮನೆ ಕುಳಿತು ಕೇಳಿ.