ಸಾಲದ ಮೇಲೊಂದು ಸಾಲ: ‘ರಿಚ್ ಡ್ಯಾಡ್ ಪೂರ್ ಡ್ಯಾಡ್’ ಗ್ರಂಥದ ವಿಮರ್ಶೆ

ರಾಬರ್ಟ್ ಕಿಯೊಸಾಕಿ ಅವರು ಶ್ಯಾರನ್ ಲೆಕ್ಟರ್ ಅವರೊಡಗೂಡಿ 1997ರಲ್ಲಿ ಅಮೆರಿಕದಲ್ಲಿ ಪ್ರಕಟಿಸಿದ ‘ರಿಚ್ ಡ್ಯಾಡ್ ಪೂರ್ ಡ್ಯಾಡ್’ ಗ್ರಂಥವು ಇಂದು ಸಮಾಜದ ವಿದ್ಯಾವಂತ ಯುವಕರಿಗೆ ಚಿರಪರಿಚಿತವಾಗಿದೆ. ವ್ಯಾಸಂಗಕ್ಕೆಂದು ಪಡೆದ ಸಾಲದ ಮೊದಲ ಕಂತು ತುಂಬುವ ಮೊದಲೇ, ಬಾಡಿಗೆಗೆ ಕೊಡಲೆಂದು ಮತ್ತೊಂದು ಸಾಲ ಮಾಡಿ ಫ್ಲ್ಯಾಟು ಕೊಳ್ಳಹೊರಡುವವರು ‘ಒಳ್ಳೆಯ ಸಾಲ, ಕೆಟ್ಟ ಸಾಲ’ ಎಂಬ ಕಿಯೊಸಾಕಿಯವರ ವಿಂಗಡಣೆಯನ್ನೇ ಹಿರಿಯರ ಮುಂದಿಡುತ್ತಾರೆ. ಆದುದರಿಂದ ಈ ಗ್ರಂಥವನ್ನು ಹೊಗಳುವುದಕ್ಕಾಗಲಿ ತೆಗಳುವುದಕ್ಕಾಗಲಿ ಹೋಗದೆ, ಅದರದೇ ಅಳತೆಗೋಲಿನಿಂದ ಅದನ್ನು ಅಳೆದು ನೋಡುವುದು ಯುಕ್ತ.

ಆ ಅಳತೆಗೋಲು ಸರಳವಾದುದು. ಜೇಬಿಗೆ ಹಣ ತರುವುದು ಆಸ್ತಿ. ಜೇಬಿನಿಂದ ಹಣ ಒಯ್ಯುವುದು ಹೊಣೆ. ಈ ದೃಷ್ಟಿಯಿಂದ ಸ್ವಂತ ವಾಸದ ಮನೆಯೂ ಆಸ್ತಿಯಲ್ಲವೆಂದು ಗ್ರಂಥಕರ್ತರು ಸಾರುತ್ತಾರೆ. ಅಢಾವೆ ಪತ್ರಿಕೆಯ ಶಾಸ್ತ್ರವನ್ನು ಕಲಿತವರು ಇದನ್ನು ಒಪ್ಪಲಾರರು. ಆದರೂ ಅಂಗಡಿಯ ಗಲ್ಲದ ಮೇಲೆ ಕುಳಿತವನಿಗೆ ಈ ಮಾತಿನ ಬೆಲೆ ಗೊತ್ತು: ಮಾರಾಟವಾಗದೆ ಬಿದ್ದಿರುವ ಸರಕು ಪುಸ್ತಕದಲ್ಲಿ ಎಷ್ಟೇ ಬೆಲೆಯದಾಗಿದ್ದರೂ ಸಂಜೆಯ ಗಲ್ಲಕ್ಕೆ ಒಂದು ಕಾಸನ್ನೂ ಸೇರಿಸುವುದಿಲ್ಲ. ಗ್ರಂಥದ ಉತ್ತಮಾಂಶ ಇದೇ.

ದೋಷವು ಉದಾಹರಣೆಗಳಲ್ಲಿ ಹೊರಬೀಳುತ್ತದೆ. 1989ರಲ್ಲಿ ಪೋರ್ಟ್‌ಲ್ಯಾಂಡ್ ನಗರದಲ್ಲಿ 65,000 ಡಾಲರ್ ಬೆಲೆ ಹೇಳಿದ್ದ ಮನೆಯೊಂದನ್ನು 45,000ಕ್ಕೆ ಕೊಂಡ ಪ್ರಸಂಗವನ್ನು ಗ್ರಂಥಕರ್ತರು ವರ್ಣಿಸಿದ್ದಾರೆ. ಎಲ್ಲ ಖರ್ಚು ಕಳೆದು ತಿಂಗಳಿಗೆ ಉಳಿಯುತ್ತಿದ್ದುದು ನಲವತ್ತು ಡಾಲರಿಗೂ ತುಸು ಕಡಿಮೆ. ಸುಮಾರು ಒಂದು ವರ್ಷದ ತರುವಾಯ ಆ ಮನೆ 95,000ಕ್ಕೆ ಮಾರಾಟವಾಯಿತು. ಲಾಭ ಬಂದುದು ಬಾಡಿಗೆಯಿಂದಲ್ಲ, ಬೆಲೆಯ ಏರಿಕೆಯಿಂದ. ವರ್ಷಕ್ಕೆ ಐನೂರು ಡಾಲರೂ ಉಳಿಯದ ಮನೆಯು ಒಂದೇ ತಿಂಗಳು ಖಾಲಿ ಬಿದ್ದರೆ, ಇಲ್ಲವೇ ಅದರ ನೀರಿನ ಕೊಳವೆ ಒಡೆದರೆ, ಆ ವರ್ಷದ ಉಳಿತಾಯಕ್ಕೆ ತಿಲಾಂಜಲಿ. ಬೇರೆ ವರಮಾನವುಳ್ಳವನು ಅದನ್ನು ತಾಳಿಕೊಂಡಾನು. ಪ್ರತಿ ತಿಂಗಳೂ ಶಿಕ್ಷಣ ಸಾಲದ ಕಂತು ಕಟ್ಟಬೇಕಾದವನ ಕೈಯಲ್ಲಿ ಆ ಅಂತರವನ್ನು ತುಂಬುವ ಹಣ ಎಲ್ಲಿಂದ ಬರಬೇಕು?

ಇನ್ನೊಂದು ಗುರುತರವಾದ ವಿಷಯವಿದೆ. ಹಣ ಯಾವ ದಿಕ್ಕಿಗೆ ಹರಿಯುತ್ತದೆಂಬುದನ್ನು ಮಾತ್ರ ಈ ಅಳತೆಗೋಲು ಕೇಳುತ್ತದೆ. ಕೆಟ್ಟ ಕಾಲ ಬಂದಾಗ ಆ ಸಾಲದಿಂದ ಹೊರಬರಲು ಬಾಗಿಲುಂಟೇ ಎಂದು ಕೇಳುವುದಿಲ್ಲ. ಮನೆಯ ಸಾಲ ತೀರಿಸಲಾಗದಿದ್ದರೆ ಮನೆಯನ್ನು ಮಾರಬಹುದು. ಪದವಿಯನ್ನು ಮಾರಲಾಗದು. ಅಮೆರಿಕದಲ್ಲಿ 1976ರಿಂದಲೇ ವಿದ್ಯಾರ್ಥಿ ಸಾಲಕ್ಕೆ ದಿವಾಳಿ ಕಾನೂನಿನ ರಕ್ಷಣೆಯನ್ನು ಮೊಟಕುಗೊಳಿಸಲಾಯಿತು. ಈ ಗ್ರಂಥ ಪ್ರಕಟವಾದಾಗ, ಮರುಪಾವತಿ ಆರಂಭವಾಗಿ ಏಳು ವರ್ಷ ಕಳೆದವರಿಗಾದರೂ ಬಿಡುಗಡೆಯ ದಾರಿಯಿತ್ತು. ಮರುವರ್ಷವೇ, ಅಂದರೆ 1998ರಲ್ಲಿ, ಸರ್ಕಾರಿ ಸಾಲಗಳಿಗೆ ಆ ದಾರಿಯೂ ಮುಚ್ಚಿತು. 2005ರಲ್ಲಿ ಖಾಸಗಿ ಸಾಲಗಳಿಗೂ ಅದೇ ಗತಿಯಾಯಿತು. ಅಸಾಧಾರಣ ಸಂಕಷ್ಟವನ್ನು ನ್ಯಾಯಾಲಯದಲ್ಲಿ ಸಾಬೀತುಪಡಿಸಿದವರಿಗೆ ಮಾತ್ರ ಈಗ ವಿನಾಯಿತಿ. ಅತ್ತ ಗ್ರಂಥಕರ್ತರ ಕಂಪನಿಗಳಲ್ಲೊಂದು, ಸುಮಾರು 2 ಕೋಟಿ 40 ಲಕ್ಷ ಡಾಲರುಗಳ ತೀರ್ಪು ತನ್ನ ವಿರುದ್ಧ ಬಂದ ಮೇಲೆ, 2012ರಲ್ಲಿ ದಿವಾಳಿಗೆ ಅರ್ಜಿ ಸಲ್ಲಿಸಿತು. ಇದು ಕಾನೂನುಬಾಹಿರವಲ್ಲ. ಆದರೆ ಕಂಪನಿಯ ಹೆಸರಿನಲ್ಲಿ ಸಾಲ ಮಾಡಿದವರ ಧೈರ್ಯವನ್ನು ಸ್ವಂತ ಹೆಸರಿನಲ್ಲಿ ಸಾಲ ಹೊತ್ತ ಇಪ್ಪತ್ತೈದರ ತರುಣನಿಗೆ ಬೋಧಿಸುವುದು ನ್ಯಾಯವಲ್ಲ.

ಆ ದೇಶದಲ್ಲಿ ಹೊಸಬರಿಗೆ ಹೆಚ್ಚು ಸಮಂಜಸವಾದ ದಾರಿಯೊಂದಿದೆಯೆಂಬುದನ್ನೂ ಹೇಳಬೇಕು. ಸರ್ಕಾರದ ಎಫ್‌ಎಚ್‌ಎ ವಿಮೆಯುಳ್ಳ ಸಾಲದಲ್ಲಿ ಶೇ. 3.5ರಷ್ಟು ಮುಂಗಡ ಕೊಟ್ಟು, ನಾಲ್ಕು ಬಿಡಾರಗಳವರೆಗಿನ ಮನೆಯನ್ನು ಕೊಂಡು, ಒಂದರಲ್ಲಿ ತಾನೇ ವಾಸಿಸಿ ಉಳಿದುವನ್ನು ಬಾಡಿಗೆಗೆ ಕೊಡಬಹುದು. ಇಲ್ಲಿ ಕೊಂಡವನ ಸ್ವಂತ ಬಾಡಿಗೆಯಾದರೂ ಉಳಿಯುತ್ತದೆ. ಆದರೆ ಇಲ್ಲಿಯೂ ಸಾಲ ಕೊಡುವವರು ಹಳೆಯ ಸಾಲವನ್ನು ಮರೆಯುವುದಿಲ್ಲ: ವಿದ್ಯಾರ್ಥಿ ಸಾಲದ ಕಂತು ಸದ್ಯಕ್ಕೆ ಶೂನ್ಯವಾಗಿದ್ದರೂ, ಬಾಕಿಯ ಶೇ. 0.5ನ್ನು ತಿಂಗಳ ಕಂತೆಂದೇ ಎಣಿಸಬೇಕೆಂಬ ನಿಯಮ 2021ರಲ್ಲಿ ಬಂದಿದೆ. ಸಾಲಗಾರನು ಮರೆಯಬಯಸುವುದನ್ನು ಸಾಹುಕಾರನು ಬರೆದಿಟ್ಟುಕೊಂಡಿರುತ್ತಾನೆ.

ಈಗ ಇದೇ ಉಪದೇಶವನ್ನು ಬೆಂಗಳೂರಿಗೆ ತಂದು ನೋಡೋಣ. ಐವತ್ತು ಲಕ್ಷ ರೂಪಾಯಿಯ ಫ್ಲ್ಯಾಟಿಗೆ ರಿಸರ್ವ್ ಬ್ಯಾಂಕಿನ ನಿಯಮದಂತೆ ಹೆಚ್ಚೆಂದರೆ ಶೇ. 80, ಅಂದರೆ ನಲವತ್ತು ಲಕ್ಷ ಸಾಲ ದೊರೆತೀತು. ಶೇ. 8.5 ಬಡ್ಡಿಗೆ ಇಪ್ಪತ್ತು ವರ್ಷದ ಅವಧಿಯಾದರೆ ಕಂತು ಸುಮಾರು 34,700 ರೂ. ಬಾಡಿಗೆಯು ವರ್ಷಕ್ಕೆ ಬೆಲೆಯ ಶೇ. 3.5 ಎಂದು ಹಿಡಿದರೆ ತಿಂಗಳಿಗೆ 14,600 ರೂ. ಕೈಯಿಂದ ಹೋಗುವುದು ಇಪ್ಪತ್ತು ಸಾವಿರ. ಇದರ ಮೇಲೆ ಹತ್ತು ಲಕ್ಷದ ಶಿಕ್ಷಣ ಸಾಲಕ್ಕೆ ಶೇ. 10ರಂತೆ ಹತ್ತು ವರ್ಷದ ಕಂತು ಸುಮಾರು 13,200. ಮುಂಗಡದ ಹತ್ತು ಲಕ್ಷ, ಮುದ್ರಾಂಕ ಶುಲ್ಕ, ನಿರ್ವಹಣಾ ವೆಚ್ಚ ಇವೆಲ್ಲ ಬೇರೆಯೇ. ಕಿಯೊಸಾಕಿಯವರ ಅಳತೆಗೋಲಿನಿಂದಲೇ ಅಳೆದರೆ ಈ ಫ್ಲ್ಯಾಟು ಆಸ್ತಿಯಲ್ಲ, ಹೊಣೆ. ಅವರ ಹೆಸರು ಹೇಳಿ ಅದನ್ನು ಕೊಳ್ಳುವವರು ಗ್ರಂಥದ ಮುಖ್ಯ ಅಧ್ಯಾಯವನ್ನೇ ಓದಿಲ್ಲವೆನ್ನಬೇಕಾಗುತ್ತದೆ. ಬೆಲೆ ಏರೀತೆಂಬ ನಂಬಿಕೆಯಿಂದ ಕೊಳ್ಳುವುದಾದರೆ ಅದನ್ನು ಹಾಗೆಂದೇ ಕರೆಯಲಿ. ಅದು ಸಟ್ಟಾ ವ್ಯಾಪಾರದ ಹತ್ತಿರದ ನೆಂಟ.

ಶಿಕ್ಷಣ ಸಾಲದ ಪತ್ರಕ್ಕೆ ಇಲ್ಲಿ ಸಾಮಾನ್ಯವಾಗಿ ತಂದೆಯೋ ತಾಯಿಯೋ ಸಹಸಾಲಗಾರರಾಗಿ ಸಹಿ ಹಾಕಿರುತ್ತಾರೆ; ಸಾಲ ದೊಡ್ಡದಾದರೆ ಮನೆಯನ್ನೇ ಆಧಾರವಾಗಿ ಇಟ್ಟಿರುವುದೂ ಉಂಟು. ಮಗನ ‘ಒಳ್ಳೆಯ ಸಾಲ’ ಕೆಟ್ಟರೆ ನೋಟೀಸು ಬರುವುದು ನಿವೃತ್ತರಾದ ತಂದೆಯ ಹೆಸರಿಗೆ. ಪರಿಗ್ರಹ ಪರಿಮಾಣ ವ್ರತವು ಕ್ಷೇತ್ರ, ವಾಸ್ತುಗಳನ್ನು ಹೊಂದಬಾರದೆಂದು ಗೃಹಸ್ಥನಿಗೆ ಹೇಳುವುದಿಲ್ಲ. ಕೊಳ್ಳುವ ಮೊದಲೇ ಮೇರೆಯನ್ನು ಗೊತ್ತುಮಾಡಿಕೊಳ್ಳಬೇಕೆನ್ನುತ್ತದೆ. ಗ್ರಂಥದಲ್ಲಿ ಕಾಣದಿರುವುದು ಆ ಮೇರೆ. ಒಂದು ಮನೆಯಿಂದ ಹನ್ನೆರಡಕ್ಕೆ, ಅಲ್ಲಿಂದ ಮೂವತ್ತಕ್ಕೆ ಏರುವ ಮೆಟ್ಟಿಲುಗಳು ಮಾತ್ರ ಅಲ್ಲಿವೆ.

ಬ್ಯಾಂಕಿನ ಸಾಲಕ್ಕಿಂತ ಸೂಕ್ಷ್ಮವಾದುದು ಬಸದಿಯ ಟ್ರಸ್ಟುಗಳೂ ಸಮಾಜದ ನಿಧಿಗಳೂ ಮರಳಿಸುವ ಕರಾರಿನ ಮೇಲೆ ಬಡ್ಡಿಯಿಲ್ಲದೆ ಕೊಡುವ ವಿದ್ಯಾರ್ಥಿವೇತನದ ಪ್ರಶ್ನೆ. ಬಡ್ಡಿಯಿಲ್ಲದ ಸಾಲವನ್ನು ಕೊನೆಗೆ ತೀರಿಸುವುದೇ ಜಾಣತನವೆಂದು ಹಣದ ಲೆಕ್ಕ ಹೇಳುತ್ತದೆ. ಈ ಗ್ರಂಥದ ಶಿಷ್ಯನೂ ಹಾಗೆಯೇ ಹೇಳಿಯಾನು. ಆದರೆ ಅಂತಹ ನಿಧಿಗೆ ಹಿಂದಿರುಗಿದ ಹಣವೇ ಮುಂದಿನ ವರ್ಷದ ವಿದ್ಯಾರ್ಥಿಯ ಶುಲ್ಕ. ಫ್ಲ್ಯಾಟಿನ ಮುಂಗಡಕ್ಕೆಂದು ಅದನ್ನು ತಡೆಹಿಡಿದರೆ, ಜೂನ್ ತಿಂಗಳಲ್ಲಿ ಅರ್ಜಿ ಹಿಡಿದು ಬಂದ ಹುಡುಗಿಗೆ ಕಾರ್ಯದರ್ಶಿಗಳು ಮುಂದಿನ ವರ್ಷ ಬರುವಂತೆ ಹೇಳಬೇಕಾಗುತ್ತದೆ. ಆ ಖರ್ಚಿಗೆ ಕಿಯೊಸಾಕಿಯವರ ಲೆಕ್ಕದ ಪಟ್ಟಿಯಲ್ಲಿ ಕಲಮೇ ಇಲ್ಲ.